ಉಪ್ಪಿನ ಕತ್ತಿಗೆ ಒಂದು ಹೂಂ

ಅವಳ ಅಂಗೈಗಳಲ್ಲಿ ಗೆರೆಗಳಿರಲಿಲ್ಲ. ಬಂಗಡೆಯ ಹೊಟ್ಟೆ ಸೀಳಿ ಉಪ್ಪು ತುಂಬಿ ತುಂಬಿ ಚರ್ಮ ಮೊದಲು ಒಡೆದು, ಆಮೇಲೆ ಗಟ್ಟಿಯಾಗಿ, ಕೊನೆಗೆ ಚಿಪ್ಪಿನ ಒಳಮೈಯ ಹಾಗೆ ನುಣ್ಣಗಾಗಿತ್ತು. ಅಂಕೋಲೆಯ ಬಸ್‌ಸ್ಟ್ಯಾಂಡಿನಲ್ಲಿ ಕೈನೋಡಿ ಭವಿಷ್ಯ ಹೇಳುವವನೊಬ್ಬ ಒಮ್ಮೆ ಆ ಕೈಯನ್ನು ಬೆಳಕಿಗೆ ಹಿಡಿದು, ಓರೆ ಮಾಡಿ, ಮತ್ತೆ ನೇರ ಮಾಡಿ, "ಇದರಲ್ಲಿ ಏನೂ ಬರೆದಿಲ್ಲವಲ್ಲ ಅಮ್ಮಾ" ಎಂದನಂತೆ. "ಬರ್ದಿತ್ತು ಮಾರಾಯಾ, ಉಪ್ಪು ತಿಂತು. ಎಡಗೈ ನೋಡ್ತ್ಯಾ? ಅದೂ ಹಂಗೇ ಅದೆ," ಎಂದು ಅವಳು ಬುಟ್ಟಿ ಎತ್ತಿಕೊಂಡು ಬಂದಳಂತೆ. ಈ ಕತೆಯನ್ನು ಅವಳೇ ಹೇಳಿ, ಎಲ್ಲರಿಗಿಂತ ಮೊದಲು ಅವಳೇ ನಗುತ್ತಿದ್ದಳು.

ಕೇರಿಯ ಮಕ್ಕಳೆಲ್ಲ ಅವಳನ್ನು ಉಪ್ಪಾಯಿ ಎಂದು ಕರೆಯುತ್ತಿದ್ದೆವು. ಅಂಕೋಲೆ ತಾಲೂಕಿನ ಕಡಲ ದಂಡೆಯಲ್ಲಿ ನಮ್ಮ ಕೇರಿ. ದಂಡೆಗೆ ತಾಗಿ ಅವಳ ಮನೆ, ಮನೆಗೆ ತಾಗಿ ಉಪ್ಪಿನ ಕೋಣೆ, ಎದುರಿಗೆ ಮೀನು ಒಣಗಿಸುವ ಬಯಲು. ಮಳೆಗಾಲದಲ್ಲಿ ಉಪ್ಪು ಬೆವರಿ ನೀರಾಗುತ್ತದೆಂದು ಅವಳು ಬೇಸಿಗೆಯಲ್ಲೇ ಅದನ್ನು ದೊಡ್ಡ ದೊಡ್ಡ ಗುಡಾಣಗಳಿಗೆ ತುಂಬಿ, ಬಾಯಿಗೆ ಮುಚ್ಚಳವಿಟ್ಟು, ಸುತ್ತ ಜೇಡಿಮಣ್ಣು ಮೆತ್ತುತ್ತಿದ್ದಳು. ಮಣ್ಣು ಹಸಿಯಿರುವಾಗಲೇ ಅದರ ಮೇಲೆ ಬಲ ಅಂಗೈ ಒತ್ತಿ ಮುದ್ರೆ ಹಾಕುವಳು. ಮುದ್ರೆ ಹಾಕದ ಗುಡಾಣದ ಉಪ್ಪು ನಿಲ್ಲುವುದಿಲ್ಲ ಎಂಬುದು ಅವಳ ಅತ್ತೆಯ ಕಾಲದಿಂದ ಬಂದ ನಂಬಿಕೆ. ಅವಳ ಮುದ್ರೆಯಲ್ಲಿ ಐದು ಬೆರಳು ಮೂಡುತ್ತಿದ್ದವು, ಅಂಗೈಯ ಜಾಗ ಮಾತ್ರ ಬೋಳು. ಈ ಸಂಗತಿಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ನಾನು ನಮ್ಮ ಕೇರಿಯ ಮೊದಲ ಪದವೀಧರೆ. ಇದನ್ನು ಕೇಳಿದವರಿಗೂ ಹೇಳುತ್ತೇನೆ, ಕೇಳದವರಿಗೂ ಹೇಳುತ್ತೇನೆ. ಸುಮ್ಮನೆ ಬಂದದ್ದಲ್ಲ ಅದು. ಅದಕ್ಕೆ ಕಾರಣರಾದವರನ್ನು ಎಣಿಸಲು ಕೂತರೆ ಶಾಲೆಯ ಮೆಟ್ಟಿಲನ್ನೇ ಹತ್ತದ ಈ ಹೆಂಗಸು ಮೊದಲು ಬರುತ್ತಾಳೆ. ಹೇಳಿದರೆ ಹೊರಗಿನವರಿಗೆ ಆಶ್ಚರ್ಯವಾಗುತ್ತದೆ. ಯಾಕೆಂದರೆ ನನ್ನ ಅಪ್ಪ ಸತ್ತದ್ದು ಅವಳ ಮಗನ ಬೋಟಿಗೆ ಸಿಕ್ಕಿ.

ಎಂಬತ್ತರ ದಶಕದ ಮಾತು. ಕಡಲಿನಲ್ಲಿ ಇಂಜಿನ್ ಬೋಟುಗಳು ತುಂಬಿಕೊಂಡಿದ್ದವು; ಆದರೂ ಅಪ್ಪನಂಥ ಕೆಲವರು ಹುಟ್ಟು ಹಾಕುವ ಸಣ್ಣ ದೋಣಿಯಲ್ಲೇ ಬಲೆ ಬಿಡಲು ಹೋಗುತ್ತಿದ್ದರು. ದೀಪಾವಳಿ ಕಳೆದ ಮೇಲಿನ ಒಂದು ನಸುಕಿನಲ್ಲಿ ದಡಕ್ಕೆ ಮರಳುತ್ತಿದ್ದ ಬೋಟೊಂದು ಅಪ್ಪನ ದೋಣಿಯ ಮೇಲೆ ಹಾಯಿತು. ಅಪ್ಪ ಸಿಕ್ಕಿದ, ದೋಣಿ ಸಿಗಲಿಲ್ಲ. ಬೋಟು ನಡೆಸುತ್ತಿದ್ದ ತಾಂಡೇಲ ಉಪ್ಪಾಯಿಯ ಒಬ್ಬನೇ ಮಗ. ದೇವಸ್ಥಾನದ ಕಟ್ಟೆಯ ಮೇಲೆ ಕೇರಿಯ ಹಿರಿಯರು ಸೇರಿದಾಗ ಅವನು ಹೇಳಿದ್ದು ಇಷ್ಟೇ: "ದೋಣಿಯಲ್ಲಿ ದೀಪ ಇರ್ಲಿಲ್ಲ. ಇದ್ರೆ ನಂಗೆ ಕಾಣ್ತಿರ್ಲಿಲ್ವಾ?"

ದೀಪ ಇತ್ತು. ಹಿಂದಿನ ಸಂಜೆ ಲಾಟೀನಿನ ಗಾಜನ್ನು ಬೂದಿ ಹಾಕಿ ತಿಕ್ಕಿ, ಎಣ್ಣೆ ತುಂಬಿ, ಬತ್ತಿಯ ಕರಿ ಕತ್ತರಿಸಿ ಅಪ್ಪನ ಕೈಗೆ ಕೊಟ್ಟವಳು ನಾನು. ದೋಣಿ ಹೊರಟ ಮೇಲೂ ದಂಡೆಯಲ್ಲಿ ನಿಂತು ಆ ಬೆಳಕು ಸಾಸಿವೆಯಷ್ಟಾಗುವ ತನಕ ನೋಡಿದ್ದೆ. ಕಟ್ಟೆಯ ಕೆಳಗೆ ನಿಂತು ಅದನ್ನೇ ಹೇಳಿದೆ. "ಹೋಗ್ವಾಗ ಇತ್ತು ತಂಗಿ, ಆಮೇಲೆ ಗಾಳಿಗೆ ಆರಿರ್ಬೌದು. ಸಮುದ್ರದ ಮೇಲಿನ ಮಾತಿಗೆ ಸಾಕ್ಷಿ ಯಾರು?" ಎಂದು ಹಿರಿಯರು ಎದ್ದರು. ತಾಂಡೇಲ ನನ್ನ ಮುಖ ನೋಡಲಿಲ್ಲ. ಆಗ ನಾನು ಆರನೆಯ ಇಯತ್ತೆ. ಅಪ್ಪನನ್ನು ಸುಟ್ಟು ಬಂದ ದಿನವೂ ನನಗೆ ಅಳು ಬರಲಿಲ್ಲ, ಆಮೇಲೂ ಬರಲಿಲ್ಲ. ಹೆಂಗಸರು ಮೈತಡವಿ, "ಅತ್ಬಿಡು ಮಗಾ" ಎಂದರು. ನಾನು ದೀಪದ ಮಾತನ್ನೇ ಹೇಳುತ್ತಿದ್ದೆ.

ಅಪ್ಪನ ದಿನಕರ್ಮಗಳೆಲ್ಲ ಮುಗಿದ ಮೇಲೆ ಉಪ್ಪಾಯಿ ನಮ್ಮ ಮನೆಗೆ ಬಂದಳು. ಒಳಗೆ ಬರಲಿಲ್ಲ, ಅಂಗಳದಲ್ಲಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತಳು. ನನ್ನ ಆಯಿ, ಅಂದರೆ ಅಮ್ಮ, ಮೊದಲಿನಿಂದಲೂ ಅವಳ ಬಳಿ ಮೀನು ಸೀಳುವ ಕೆಲಸಕ್ಕೆ ಹೋಗುತ್ತಿದ್ದವಳು. "ಕೆಲ್ಸಕ್ಕೆ ಬಾ ಅನ್ನೂಕೆ ನಂಗೆ ಮುಖ ಇಲ್ಲ. ಬರ್ಬೇಡ ಅನ್ನೂಕೆ ಅಷ್ಟೂ ಇಲ್ಲ," ಎಂದಳು ಉಪ್ಪಾಯಿ. "ಬಂದ್ರೆ ಒಂದು ಮಾತು ಕೊಡ್ತೆ. ನನ್ನ ಮಗನ ಬೋಟಿನ ಮೀನು ನಿನ್ನ ಕೈಗೆ ಬರೂದಿಲ್ಲ."

ಆಯಿ ಹೋದಳು. ಮಾತು ನಡೆಯಿತು. ಬಯಲಲ್ಲಿ ಮೀನಿನ ರಾಶಿ ಎಷ್ಟೇ ಇರಲಿ, ಮಗನ ಬೋಟಿನದನ್ನು ಉಪ್ಪಾಯಿ ಬೇರೆ ಚಾಪೆಗೆ ಸುರಿಸಿ, ಒಬ್ಬಳೇ ಸೀಳಿ, ಒಬ್ಬಳೇ ಉಪ್ಪು ಹಾಕುತ್ತಿದ್ದಳು. ಬೆನ್ನು ಬಾಗಿದ ಮೇಲೂ ಅದನ್ನು ಬಿಡಲಿಲ್ಲ. "ಗಂಡನ್ನ ತಿಂದವ್ರ ಮನೆ ಉಪ್ಪು ಮುಟ್ತೀಯಲ್ಲೇ!" ಎಂದು ಬಾವಿಕಟ್ಟೆಯಲ್ಲಿ ಯಾರೋ ಚುಚ್ಚಿದಾಗ ಆಯಿ, "ಮಕ್ಳ ಹೊಟ್ಟೆಗೆ ಯಾರ ಉಪ್ಪು ಅಂತ ಗೊತ್ತಾಗೂದಿಲ್ಲ. ನಿಂಗೆ ಗೊತ್ತಾದ್ರೆ ನೀ ಬಂದು ಗಂಜಿ ಹಾಕು," ಎಂದು ಕೊಡ ಎತ್ತಿದಳು.

ಶಾಲೆಯಿಲ್ಲದ ಹೊತ್ತಿನಲ್ಲಿ ಕಾಗೆ ಓಡಿಸಲು ನಾನೂ ಬಯಲಿಗೆ ಹೋಗುತ್ತಿದ್ದೆ. ಉಪ್ಪಾಯಿಯ ಕಡೆ ಬೆನ್ನು ಹಾಕಿಯೇ ಕೂರುತ್ತಿದ್ದೆ. ಒಂದು ಮಧ್ಯಾಹ್ನ ಅವಳು ಒಳಗಿನಿಂದ ಚಿಮಣಿ ದೀಪವೊಂದನ್ನು ತಂದು, ಸುಡುಬಿಸಿಲಿನಲ್ಲಿ ಅದನ್ನು ಹಚ್ಚಿ, ಗಾಳಿಗೆ ಆರದ ಹಾಗೆ ಬುಟ್ಟಿ ಅಡ್ಡ ಇಟ್ಟಳು.

"ಹಗಲಿಗೆ ಎಂತಕ್ಕೆ ದೀಪಾ ಉಪ್ಪಾಯಿ?" ಎಂದು ಹೆಂಗಸೊಬ್ಬಳು ನಕ್ಕಳು.

"ಹಗಲು ಕತೆ ಹೇಳಿದ್ರೆ ದಾರಿ ನಡೆಯೋರು ದಾರಿ ತಪ್ತಾರೆ. ದೀಪ ಹಚ್ಚಿದ್ರೆ ಕತೆಗೆ ರಾತ್ರಿ ಅಂತ ಕಾಣ್ತದೆ. ಕತೆಗೆ ಅಷ್ಟೆಲ್ಲ ಬುದ್ಧಿ ಇಲ್ಲ," ಎಂದ ಉಪ್ಪಾಯಿ ನನ್ನ ಬೆನ್ನಿಗೆ ಕೇಳಿದಳು: "ಏ ತಂಗಿ, ಹೂಂ ಕೊಡೂಕೆ ಬತ್ತದೆಯಾ ನಿಂಗೆ?"

ನಮ್ಮ ಕಡೆ ಕತೆಗೆ ಇಬ್ಬರು ಬೇಕು. ಒಬ್ಬರು ಹೇಳಬೇಕು, ಒಬ್ಬರು ಪ್ರತಿ ಮಾತಿಗೂ ಹೂಂ ಕೊಡಬೇಕು. ಹೂಂ ನಿಂತರೆ ಕತೆ ನಿಲ್ಲುತ್ತದೆ. ರಾಜ ಕುದುರೆ ಹತ್ತುವಾಗ ಹೂಂ ನಿಂತರೆ ಅವನ ಒಂದು ಕಾಲು ರಿಕಾಪಿನಲ್ಲೇ. ಹೇಳುವವರು ಹೂಂ ಇಲ್ಲದೆ ಒಂದು ಮಾತನ್ನೂ ಮುಂದೆ ದಾಟಿಸುವಂತಿಲ್ಲ. ನಾನು ಬೆನ್ನು ತಿರುಗಿಸದೆಯೇ, "ಹೂಂ" ಎಂದೆ.

ಕತೆ ಹೀಗಿತ್ತು. ನೀರಿನ ನಡುವೆ ಒಂದು ನಡುಗಡ್ಡೆ. ಅಲ್ಲೊಬ್ಬ ದೀಪ ಹಚ್ಚುವವ. ಹೋಗಿ ಬರುವ ದೋಣಿಗಳಿಗೆಲ್ಲ ದಾರಿ ತೋರುವವ. ಹೊಗೆರಾಯ ಎಂಬ ರಕ್ಕಸ ಕಬ್ಬಿಣದ ಮೀನಿನ ಮೇಲೆ ಕೂತು, ಹೊಗೆ ಕಾರುತ್ತ ಬಂದು ಅವನನ್ನು ನುಂಗಿದ. ಅವನಿಗೊಬ್ಬ ಪೋರ. ಪೋರನ ತಾಯಿ ಅತ್ತಳು, ಅತ್ತಳು. ಕಣ್ಣೀರೆಲ್ಲ ಗೆರಟೆಯಲ್ಲಿ ತುಂಬಿತು, ಬಿಸಿಲಿಗೆ ಒಣಗಿ ಉಪ್ಪಾಯಿತು. ಪೋರ ಆ ಉಪ್ಪನ್ನು ಕಲ್ಲಿನ ಮೇಲೆ ಬಡಿದು ಬಡಿದು ಕತ್ತಿ ಮಾಡಿದ. ಹೊಗೆರಾಯನ ಮೈಗೆ ಕಬ್ಬಿಣ ನಾಟುವುದಿಲ್ಲ, ಉಪ್ಪು ಮಾತ್ರ ನಾಟುತ್ತದೆ. ಆದರೆ ಒಂದು ಕಟ್ಟಳೆ: ಆ ಕತ್ತಿಗೆ ನೀರು ಸೋಕಬಾರದು. ಕಡಲ ಹನಿಯೂ ಬೇಡ, ಇಬ್ಬನಿಯೂ ಬೇಡ, ಎಲ್ಲಕ್ಕಿಂತ ಮೊದಲು ಪೋರನ ಕಣ್ಣೀರು ಬೇಡ. ಅತ್ತನೋ, ಕತ್ತಿ ಕರಗಿತು.

"ಉಪ್ಪಿನ ಕತ್ತಿ ಹಿಡ್ಕಂಡು ಮಳೆಗಾಲದಲ್ಲಿ ಎಂತ ಮಾಡ್ತಾನೆ ನಿನ್ನ ಪೋರ?" ಎಂದು ಮೀನು ಸೀಳುತ್ತಿದ್ದವಳೊಬ್ಬಳು ಕಾಲೆಳೆದಳು.

"ಮಳೆ ಬರದ ಊರಿಗೆ ಹೋಗ್ತಾನೆ."

"ಬೆವ್ತರೆ?"

"ಸಿಟ್ಟು ಬೆವ್ರನ್ನೂ ಕುಡೀತದೆ. ನೀ ಬಾಯಿ ಮುಚ್ಚಿ ಬಂಗಡೆ ನೋಡು, ಕಾಗೆ ಹೊತ್ತ್ಕಂಡು ಹೋತು."

ಎಲ್ಲರೂ ನಕ್ಕರು. ನಾನು ನಗಲಿಲ್ಲ. ಹೊಗೆರಾಯ ಯಾರು, ಕಬ್ಬಿಣದ ಮೀನು ಯಾವುದು ಎಂದು ಬಯಲಿನ ಕಾಗೆಗಳಿಗೂ ಗೊತ್ತಿತ್ತು. ಹೆತ್ತ ಮಗನನ್ನೇ ರಕ್ಕಸ ಮಾಡಿ ಹೇಳುತ್ತಿದ್ದಾಳಲ್ಲ ಈ ಮುದುಕಿ ಎಂದು ಮೊದಲ ಸಲ ಅವಳ ಕಡೆ ತಿರುಗಿ ಕೂತೆ.

ಆ ಬೇಸಿಗೆ ಪೂರ್ತಿ ಪೋರ ನಡೆದ, ನಾನು ಹೂಂ ಕೊಟ್ಟೆ. ಮುದುಕಿಯೊಬ್ಬಳು ಬಿಸಿ ಗಂಜಿ ಕೊಡಲು ಬಂದಳು. ಹಬೆಗೆ ಕತ್ತಿ ಬೆವರುತ್ತದೆಂದು ಅವನು ಉಣ್ಣಲಿಲ್ಲ. ಹೂಂ. ಜೊತೆಗೆ ಬಂದ ಗೆಳೆಯನಿಗೆ ಜ್ವರ ಬಂತು. ಹಣೆಗೆ ಒದ್ದೆ ಬಟ್ಟೆ ಇಡಬೇಕಾದೀತೆಂದು ಅವನನ್ನು ಬಿಟ್ಟು ನಡೆದ. ಹೂಂ. ಒಂದು ಕಾಡಿನಲ್ಲಿ ಹಕ್ಕಿಯೊಂದು, ಅಪ್ಪ ದೋಣಿ ನೂಕುವಾಗ ಹಾಕುತ್ತಿದ್ದ ಕೂಗನ್ನೇ ಹಾಕಿತು. ಕೇಳಿದರೆ ಅಳು ಬಂದೀತೆಂದು ಪೋರ ಎರಡೂ ಕಿವಿಗೆ ಉಸುಕು ತುಂಬಿಕೊಂಡ. ಉಸುಕು ಒಳಗೇ ನಿಂತಿತು. ಆಮೇಲೆ ನೆನಪು ಮಾಡಿಕೊಂಡರೂ ಅವನಿಗೆ ಅಪ್ಪನ ದನಿ ಬರಲಿಲ್ಲ.

ಅಲ್ಲಿ ನನ್ನ ಹೂಂ ಸ್ವಲ್ಪ ತಡವಾಯಿತು. ಉಪ್ಪಾಯಿ ಕೈಯಲ್ಲಿದ್ದ ಮೀನನ್ನು ಹಾಗೇ ಹಿಡಿದು ಕಾದಳು. ಕೊಟ್ಟ ಮೇಲೆಯೇ ಮುಂದೆ ಹೋದದ್ದು.

ಒಮ್ಮೆ ಕತೆಯ ನಡುವೆ ತಾಂಡೇಲ ಬಲೆ ಹೊತ್ತು ಬಂದ. ಹಗಲಲ್ಲಿ ಉರಿಯುವ ದೀಪ ಕಂಡು, ನನ್ನನ್ನು ಕಾಣದವನಂತೆ, "ಆಯೇ, ಚಿಮಣಿ ಎಣ್ಣೆ ಸಿಗೂದೇ ಕಷ್ಟ, ನೀ ಬಿಸ್ಲಲ್ಲಿ ಸುಡ್ತೆ," ಎಂದು ಗೊಣಗಿದ. ಅವಳು ತಲೆ ಎತ್ತಲಿಲ್ಲ. "ಉರೀಲಿ. ದೀಪ ಇದ್ರೂ ಕಾಣದೋರಿಗೆ ಹಗಲಾದ್ರೇನು, ರಾತ್ರಿಯಾದ್ರೇನು," ಎಂದಳು. ಬಯಲಲ್ಲಿ ಕತ್ತಿಗಳ ಸದ್ದು ನಿಂತಿತು. ಅವನು ಬಲೆಯನ್ನು ಅಲ್ಲೇ ಹಾಕಿ ಹೋದ. ಅವಳು ನನ್ನನ್ನು ನಂಬುತ್ತಾಳೆ ಎಂದು ಅವತ್ತು ತಿಳಿಯಿತು. ಆದರೆ ಅವಳು ನಂಬಿದರೆ ಸಾಕಾಗಿರಲಿಲ್ಲ ನನಗೆ. ಅವನ ಬಾಯಿಂದ ಬರಬೇಕಿತ್ತು. ಬರದಿದ್ದರೆ ಅವನು ಮುಳುಗಬೇಕಿತ್ತು.

ಮಳೆಗಾಲ ಬಂತು. ಬೋಟುಗಳನ್ನು ಹಳ್ಳದ ಬಾಯಿಗೆ ಎಳೆದು ತೆಂಗಿನ ಮಡಲು ಹೊದೆಸಿದರು. ಡೀಸೆಲಿಗೆ ಉಪ್ಪು ಬಿದ್ದರೆ ಇಂಜಿನ್ ಮಧ್ಯ ಸಮುದ್ರದಲ್ಲಿ ಸಾಯುತ್ತದೆ ಎಂದು ಬೋಟಿನ ಹುಡುಗರು ಆಡಿಕೊಳ್ಳುವುದನ್ನು ಕೇಳಿದ್ದೆ. ಹೌದೋ ಅಲ್ಲವೋ, ನನಗೆ ಅದು ಪೋರನ ಕತ್ತಿಯೇ ಆಗಿ ಕಂಡಿತು. ನೂಲಹುಣ್ಣಿಮೆಯ ದಿನ ಸಮುದ್ರಕ್ಕೆ ತೆಂಗಿನಕಾಯಿ ಬಿಟ್ಟು ಬೋಟುಗಳು ಹೊರಡುತ್ತವೆ, ತಾಂಡೇಲನ ಬೋಟಿಗೆ ಉಪ್ಪು ಹಾಕುವುದು ಅದರೊಳಗೆ ಆಗಬೇಕು. ಯಾರೂ ಇಲ್ಲದ ಹೊತ್ತು ನೋಡಿ ಉಪ್ಪಿನ ಕೋಣೆಗೆ ಹೋಗಿ, ಹಿಂದಿನ ಸಾಲಿನ ಗುಡಾಣವೊಂದರ ಮಣ್ಣು ಕೆತ್ತಿ, ಮುಚ್ಚಳ ತೆಗೆದು, ಲಂಗದ ಚುಂಗಿಗೆ ಉಪ್ಪು ಕಟ್ಟಿಕೊಂಡೆ. ಮತ್ತೆ ಜೇಡಿಮಣ್ಣು ಕಲಸಿ ಮೆತ್ತಿ, ಮುದ್ರೆಯನ್ನೂ ಹಾಕಿದೆ. ನನ್ನ ಕೈ ಸಣ್ಣದು. ಬೆರಳುಗಳನ್ನು ಜಾರಿಸಿ ಜಾರಿಸಿ ಉದ್ದ ಮಾಡಿದೆ. ಬಹಳ ಜಾಣತನದ ಕೆಲಸ ಮಾಡಿದೆನೆಂದು ಮನೆಗೆ ಬಂದು ಉಪ್ಪನ್ನು ಹಳೆ ಬಟ್ಟೆಯಲ್ಲಿ ಗಂಟು ಕಟ್ಟಿ ಮಾಡಿನ ಸಂದಿಯಲ್ಲಿಟ್ಟೆ.

ಮರುದಿನ ಮಧ್ಯಾಹ್ನ ಉಪ್ಪಾಯಿ ಹೇಳಿ ಕಳಿಸಿದಳು. ಹೋಗುವಾಗ ಗಂಟನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೆ. ಅಲ್ಲಿಂದಲೇ ಬೋಟಿನ ಕಡೆ ಹೋಗುವ ಯೋಚನೆ. ಉಪ್ಪಿನ ಕೋಣೆಯಲ್ಲಿ ಅವಳು ಆ ಗುಡಾಣದ ಮುಂದೆ ಕೂತಿದ್ದಳು. ಹೊರಗೆ ಮಳೆ ಹೊಯ್ಯುತ್ತಿತ್ತು. ಪಕ್ಕದಲ್ಲಿ ಚಿಮಣಿ ಉರಿಯುತ್ತಿತ್ತು. ಅವಳು ನನ್ನ ಕೈ ಹಿಡಿದು ಮುದ್ರೆಯ ಮೇಲಿಟ್ಟಳು.

"ಇದ್ರಲ್ಲಿ ಗೆರೆ ಅದೆ ತಂಗಿ," ಎಂದಳು.

ನಾನು ಬೆರಳ ಉದ್ದದ ಬಗ್ಗೆ ಯೋಚಿಸಿದ್ದೆ; ಗೆರೆಯ ಬಗ್ಗೆ ಯೋಚಿಸಿರಲಿಲ್ಲ. ಕೇರಿಯಲ್ಲಿ ಗೆರೆಯಿಲ್ಲದ ಕೈ ಅವಳೊಬ್ಬಳದೇ. ಈಗ ಕೂಗುತ್ತಾಳೆ, ಈಗ ಆಯಿಗೆ ಹೇಳುತ್ತಾಳೆ, ಕೆಲಸ ಹೋಯಿತು ಎಂದು ಕಾದೆ. ಅವಳು ಉಪ್ಪು ಎಲ್ಲಿ ಎಂದೂ ಕೇಳಲಿಲ್ಲ. "ಕೂತ್ಕೊ. ಪೋರ ಇವತ್ತು ಹೊಗೆರಾಯನ ಮನೆಗೆ ಮುಟ್ಟೂ ದಿನ," ಎಂದಳು.

ಪೋರ ಹೊಗೆರಾಯನ ಕೋಟೆಯ ಬಾಗಿಲು ದಾಟಿದ. ಹೂಂ. ಕಬ್ಬಿಣದ ಮೀನು ಅಂಗಳದಲ್ಲಿ ಮಲಗಿತ್ತು. ಹೂಂ. ಒಳಗಿನ ಕೋಣೆಯಲ್ಲಿ ಹೊಗೆರಾಯ ನಿದ್ದೆ ಮಾಡುತ್ತಿದ್ದ. ಪೋರ ಕತ್ತಿ ಎತ್ತಿದ. ಹೂಂ, ಹೂಂ ಎಂದೆ ನಾನು.

"ಕತ್ತಿ ಎತ್ತಿ ನೋಡ್ತಾನೆ, ಹೊಗೆರಾಯನ ತಲೆದೆಸೆಯಲ್ಲಿ ಒಂದು ಮುದ್ಕಿ ಕೂತದೆ. ಅವನ ತಾಯಿ. ಮಗನಿಗೆ ಗಾಳಿ ಹಾಕ್ತಾ ಅದೆ. ಕತ್ತಿ ಕಾಣ್ತು ಅದ್ಕೆ. ಕೂಗ್ಲಿಲ್ಲ. ಅಡ್ಡ ಬರ್ಲಿಲ್ಲ. ಬಿಡು ಅಂತ ಬೇಡೂಕೆ ಅದ್ಕೆ ಮುಖ ಇಲ್ಲ. ಪೋರನ ಮುಖ ನೋಡ್ತು, ಗಾಳಿ ಹಾಕ್ತು."

ಇಷ್ಟು ಹೇಳಿ ಉಪ್ಪಾಯಿ ಚಿಮಣಿಯ ಬತ್ತಿ ಸರಿಮಾಡಿದಳು.

"ಮುಂದೆ?" ಎಂದೆ.

"ಮುಂದೆ ನಾ ಹೇಳೂದಲ್ಲ. ನೀ ಹೂಂ ಕೊಟ್ರೆ ಕತ್ತಿ ಇಳೀತದೆ. ಕೊಡು."

ಅವಳ ದನಿಯಲ್ಲಿ ನಾಟಕವಿರಲಿಲ್ಲ. ನಾನು ಹೂಂ ಎಂದಿದ್ದರೆ ಅವಳು ಖಂಡಿತ ಕತ್ತಿ ಇಳಿಸುತ್ತಿದ್ದಳು. ಕತೆಯ ಕಟ್ಟಳೆ ಮೀರುವವಳಲ್ಲ ಅವಳು. ನಾನು ಬಾಯಿ ತೆರೆದೆ. ಹೂಂ ಎನ್ನಲು ಬಾಯಿ ತೆರೆಯಬೇಕಾಗಿಯೇ ಇಲ್ಲ ಎಂಬುದೂ ನೆನಪಾಗಲಿಲ್ಲ. ಅವಳ ಮುಖ ನೋಡಿದೆ. ಅವಳೂ ನೋಡುತ್ತಿದ್ದಳು. ಅವಳ ಕೈಯಲ್ಲಿ ಬೀಸಣಿಗೆ ಇರಲಿಲ್ಲ, ಅಷ್ಟೇ.

ಆಗ ಸೊಂಟದ ಬಳಿ ತಣ್ಣಗಾಯಿತು. ಮಳೆಗಾಲದ ತೇವಕ್ಕೆ ಗಂಟಿನೊಳಗಿನ ಉಪ್ಪು ನೀರೊಡೆದು ಲಂಗದುದ್ದಕ್ಕೂ ಇಳಿಯುತ್ತಿತ್ತು. ಅದನ್ನು ನೋಡಿದ್ದೇ ನನಗೆ ಅಳು ಬಂತು. ಅಪ್ಪ ಹೋದಾಗಿನಿಂದ ಬಾರದಿದ್ದ ಅಳು. ಹೇಗೆ ಅತ್ತೆನೆಂದರೆ ಮಳೆಯ ಸದ್ದು ನನಗೆ ಕೇಳಲಿಲ್ಲ. ಉಪ್ಪಾಯಿ ಸಮಾಧಾನ ಹೇಳಲಿಲ್ಲ. ಒದ್ದೆ ಗಂಟನ್ನು ಬಿಚ್ಚಿ, ಉಳಿದಿದ್ದ ಉಪ್ಪನ್ನು ಗುಡಾಣಕ್ಕೆ ಸುರಿದು, "ಉಪ್ಪು ಇರೂದು ಕೆಡದೆ ಇರ್ಲಿ ಅಂತ, ಕೆಡ್ಸೂಕಲ್ಲ," ಎಂದು ತನಗೇ ಹೇಳಿಕೊಂಡಳು. ಆಮೇಲೆ ಹೊಸದಾಗಿ ಮಣ್ಣು ಮೆತ್ತಿ ಮುದ್ರೆ ಒತ್ತಿದಳು. ಯಾರಿಗೂ ಹೇಳಲಿಲ್ಲ, ಸಾಯುವ ತನಕ.

ಕ್ಷಮಿಸಿದೆನೆಂದು ಯಾರೂ ತಿಳಿಯಬೇಡಿ. ನೂಲಹುಣ್ಣಿಮೆಯ ದಿನ ಅವನ ಬೋಟು ಹೊರಡುವುದನ್ನು ದಂಡೆಯಲ್ಲಿ ನಿಂತು ನೋಡಿದೆ, ಹಲ್ಲು ಕಚ್ಚಿಕೊಂಡೇ. ಆದರೆ ಆ ರಾತ್ರಿ ಅಪ್ಪ ದೋಣಿ ನೂಕುವಾಗ ಹಾಕುತ್ತಿದ್ದ ಕೂಗು ನನಗೆ ನೆನಪಾಯಿತು, ದನಿಯ ಸಮೇತ. ಅಷ್ಟು ದಿನ ಅದು ಹೋಗಿತ್ತೆಂಬುದೇ ನನಗೆ ಗೊತ್ತಿರಲಿಲ್ಲ.

ಕತೆ ಅಲ್ಲೇ ನಿಂತಿತು. ಪೋರ ಕತ್ತಿ ಎತ್ತಿಕೊಂಡೇ ಇದ್ದ. ನಾನು ಹೈಸ್ಕೂಲಿಗೆ ಹೋದೆ, ಎಸ್ಸೆಸ್ಸೆಲ್ಸಿ ಪಾಸಾದೆ. ಕಾರವಾರದ ಕಾಲೇಜಿಗೆ ಸೇರುವ ಮಾತು ಬಂದಾಗ ಕೇರಿಯವರು, "ಹೆಣ್ಣು ಹುಡ್ಗಿಗೆ ಬಸ್ಸಲ್ಲಿ ಕಾರವಾರ ಎಂತಕ್ಕೆ? ಮೀನು ಸೀಳೂಕೆ ಬಿ.ಎ. ಬೇಕಾ?" ಎಂದರು. ಉಪ್ಪಾಯಿ ಬಯಲ ನಡುವೆ ನಿಂತು, "ಹೂಂ ಕೊಡೂಕೆ ಕಲ್ತಾಯ್ತು, ಹೇಳೂಕೂ ಕಲೀಲಿ," ಎಂದಳು. ಬೆಳಗಿನ ಬಸ್ಸಿಗೆ ಅವಳ ಒಣಮೀನಿನ ಬುಟ್ಟಿಯೂ ನನ್ನ ಪುಸ್ತಕಗಳೂ ಒಟ್ಟಿಗೇ ಹತ್ತುತ್ತಿದ್ದವು. ಮೂಗು ಮುಚ್ಚುವ ಪ್ಯಾಸೆಂಜರುಗಳಿಗೆ ಅವಳು, "ಮೂಗು ಮುಚ್ಚಿ, ಬಾಯಿ ಮುಚ್ಬೇಡಿ. ರಾತ್ರಿ ಊಟಕ್ಕೆ ಇದೇ ಬೇಕಾಗ್ತದೆ," ಎನ್ನುವಳು. ಊಟದ ಡಬ್ಬಿಗೆ ಒಣಶೆಟ್ಲಿಯ, ಅಂದರೆ ಒಣಸೀಗಡಿಯ, ಚಟ್ನಿ ಹಾಕಿ ಕೊಡುತ್ತಿದ್ದಳು. ಆ ಶೆಟ್ಲಿಯೂ ಮಗನ ಬೋಟಿನದ್ದಲ್ಲ.

ಕಾಲೇಜಿನ ಲೈಬ್ರರಿಯಲ್ಲಿ ನಾನು ಮಾಯಾಲೋಕದ ಕಾದಂಬರಿಗಳನ್ನು ರಾಶಿ ರಾಶಿ ಓದಿದೆ. ಪಾಠದ ಪುಸ್ತಕಕ್ಕಿಂತ ಹೆಚ್ಚು ಓದಿದೆ, ಅದರಲ್ಲಿ ನನಗೆ ನಾಚಿಕೆಯಿಲ್ಲ. ಎಲ್ಲದರಲ್ಲೂ ಒಬ್ಬ ಎಳೆಯ ನಾಯಕ. ಮೊದಲ ಅಧ್ಯಾಯದಲ್ಲಿ ಅಪ್ಪನೋ ಅಣ್ಣನೋ ಸಾಯುತ್ತಾನೆ; ಊರು ಸುಟ್ಟು ಹೋಗುತ್ತದೆ. ಎರಡನೆಯ ಅಧ್ಯಾಯಕ್ಕೆ ಹುಡುಗನ ಕೈಯಲ್ಲಿ ಕತ್ತಿ. ಅವನಿಗೆ ಅಳಲು ಯಾವ ಲೇಖಕರೂ ನಾಲ್ಕು ಪುಟ ಕೊಡುವುದಿಲ್ಲ. ದುಃಖವನ್ನು ಎಣ್ಣೆಯ ಹಾಗೆ ತುಂಬಿಸಿ ಕತೆಯ ಇಂಜಿನ್ ಓಡಿಸುತ್ತಾರೆ. ಕೊನೆಯಲ್ಲಿ ರಕ್ಕಸ ಬೀಳುತ್ತಾನೆ, ಡೋಲು ಬಡಿಯುತ್ತದೆ. ನಾನು ಪುಸ್ತಕ ಮುಚ್ಚಿ ಯೋಚಿಸುತ್ತಿದ್ದೆ: ಈ ಹುಡುಗ ನಾಳೆ ಬೆಳಿಗ್ಗೆ ಎದ್ದು ಏನು ಮಾಡುತ್ತಾನೆ? ಅಪ್ಪನ ದನಿ ಇವನಿಗೆ ನೆನಪಿದೆಯೇ? ಕ್ಲಾಸಿನಲ್ಲಿ ಒಮ್ಮೆ ಇದನ್ನೇ ಕೇಳಿದೆ. ಸರ್ ನಕ್ಕು, "ಅದು ಕತೆಯಮ್ಮಾ" ಎಂದರು. ಕತೆಯೇ ಆದ್ದರಿಂದ ಕೇಳಿದೆ ಎಂದು ಕೂತೆ.

ಹಾಗೆಂದು ಸೇಡನ್ನು ಹೀಗಳೆಯುವವಳಲ್ಲ ನಾನು. ಸೇಡು ಇಲ್ಲದಿದ್ದರೆ ಆ ವರ್ಷ ನಾನು ಹಾಸಿಗೆಯಿಂದ ಏಳುತ್ತಿರಲಿಲ್ಲ. ದುಃಖ ಮಲಗಿಸುತ್ತದೆ, ಸೇಡು ಎಬ್ಬಿಸಿ ನಡೆಸುತ್ತದೆ. ಅದರ ಋಣ ಅಷ್ಟು. ಎಲ್ಲಿಗೆ ನಡೆಸುತ್ತದೆ ಎಂಬುದು ಬೇರೆ. ಉಪ್ಪಾಯಿಗೆ ಇದು ಗೊತ್ತಿದ್ದದ್ದರಿಂದಲೇ ಪೋರನಿಗೆ ಮೊದಲ ದಿನವೇ ಬುದ್ಧಿವಾದ ಹೇಳದೆ ಕತ್ತಿ ಕೊಟ್ಟಳು.

ಅವಳ ತವರು ಕಾರವಾರದ ಹತ್ತಿರದ ಚೆಂಡಿಯಾ. ಆ ಕಡೆಯ ನೆಲ ನೌಕಾನೆಲೆಗೆ ಹೋಗಿ, ತವರಿನವರು ಬೇರೆ ಕಡೆ ಮನೆ ಕಟ್ಟಿಕೊಳ್ಳಬೇಕಾಯಿತು. ನೋಡಿ ಬಂದ ದಿನ ಬಸ್ಸಿನಲ್ಲಿ ನನ್ನ ಪಕ್ಕ ಕೂತು, "ಇದ್ರ ಸೇಡು ಯಾರ ಮೇಲೆ ತೀರ್ಸೂದು ತಂಗಿ? ಒಬ್ಬ ರಕ್ಕಸ ಆಗಿದ್ರೆ ಸುಲಭ ಇತ್ತು. ಇಲ್ಲಿ ಯಾರಿಗೂ ಮುಖ ಇಲ್ಲ," ಎಂದಳು. ಕಿಟಕಿಯ ಹೊರಗೆ ನೋಡುತ್ತ ಸುಮ್ಮನೆ ಅತ್ತಳು. ಅವಳು ಅಳುವುದನ್ನು ನಾನು ಕಂಡದ್ದು ಅದೊಂದೇ ಸಲ. ಕಣ್ಣೊರೆಸಿಕೊಂಡು, "ನೋಡು, ನನ್ನ ಕೈಯಲ್ಲಿ ಕತ್ತಿ ಇಲ್ಲ. ಅದ್ಕೆ ಅಳೂಕೆ ಬತ್ತದೆ," ಎಂದು ನಕ್ಕಳು.

ಅವತ್ತೇ ಧೈರ್ಯ ಮಾಡಿ ಕೇಳಿದೆ: "ಉಪ್ಪಾಯಿ, ನೀ ಆ ಕತೆ ಹೇಳಿದ್ದು ಮಗನ್ನ ಉಳಿಸ್ಕೊಳ್ಳೂಕಾ?"

"ಮತ್ತೆ? ಅವ ನನ್ನ ಮಗ ಅಲ್ವಾ?" ಎಂದಳು ತಟ್ಟನೆ. ಸ್ವಲ್ಪ ದೂರ ಬಸ್ಸು ಹೋದ ಮೇಲೆ, "ನಿನ್ನೂ ಉಳ್ಸೂಕೆ. ಒಂದೇ ಉಪ್ಪಲ್ಲಿ ಎರಡು ಮೀನು," ಎಂದಳು. ಸುಳ್ಳು ಹೇಳಿ ದೊಡ್ಡವಳಾಗಲಿಲ್ಲ ಅವಳು. ಅದಕ್ಕೇ ನನಗೆ ದೊಡ್ಡವಳು.

ನನಗೆ ಬಿ.ಎ. ಆಯಿತು, ಬಿ.ಎಡ್. ಆಯಿತು, ಶೆಟಗೇರಿಯ ಕಡೆ ಒಂದು ಶಾಲೆಯಲ್ಲಿ ಕೆಲಸವೂ ಆಯಿತು. ತೊಂಬತ್ತರ ದಶಕ ಮುಗಿಯುತ್ತ ಬಂದಾಗ ಉಪ್ಪಾಯಿ ಹಾಸಿಗೆ ಹಿಡಿದಳು. ಅವಳು ಹೋದದ್ದು ಒಂದು ಬೆಳಿಗ್ಗೆ, ನೀರಿಳಿತದ ಹೊತ್ತಿಗೆ. ನಮ್ಮ ದಂಡೆಯಲ್ಲಿ ಜೀವ ಹೋಗುವುದು ಇಳಿತದ ಜೊತೆಗೇ ಎನ್ನುತ್ತಾರೆ. ನಾನು ಅವಳನ್ನು ಕಂಡದ್ದು ಅದರ ಹಿಂದಿನ ಮಧ್ಯಾಹ್ನ.

ಜಗಲಿಯ ಒಳಗಿನ ಕೋಣೆಯಲ್ಲಿ ಚಾಪೆಯ ಮೇಲೆ ಮಲಗಿದ್ದಳು. ತಲೆದೆಸೆಯಲ್ಲಿ ಮಗ ಕೂತು ಅಡಿಕೆ ಹಾಳೆಯ ಬೀಸಣಿಗೆಯಿಂದ ಗಾಳಿ ಹಾಕುತ್ತಿದ್ದ. ಅವನ ತಲೆಯೆಲ್ಲ ಬೆಳ್ಳಗಾಗಿತ್ತು. ಬೋಟು ಬಿಟ್ಟು ಬಹಳ ಕಾಲವಾಗಿತ್ತೆಂದು ಕೇಳಿದ್ದೆ. ಅಷ್ಟು ವರ್ಷ ಒಂದೇ ಕೇರಿಯಲ್ಲಿದ್ದೂ ನಾವಿಬ್ಬರೂ ಮಾತಾಡಿರಲಿಲ್ಲ. ಬಾಗಿಲಲ್ಲಿ ನಿಂತ ನನ್ನನ್ನು ಕಂಡು ಬೀಸಣಿಗೆ ಒಂದು ಕ್ಷಣ ನಿಂತು, ಮತ್ತೆ ಆಡಿತು.

"ಬಂದ್ಯಾ ತಂಗಿ," ಎಂದಳು ಉಪ್ಪಾಯಿ. "ಪೋರನ ಕೈ ಸೋತಿರ್ಬೇಕು. ಅಷ್ಟು ವರ್ಷ ಕತ್ತಿ ಎತ್ಕಂಡೇ ನಿಂತಾನೆ."

"ಮುಂದೆ ಹೇಳು ಹಾಗಾದ್ರೆ."

"ನಂಗೆ ಉಸ್ರು ಸಾಲೂದಿಲ್ಲ. ನೀ ಹೇಳು. ನಾ ಹೂಂ ಕೊಡ್ತೆ." ಆಮೇಲೆ ಕಣ್ಣು ಮೇಲೆತ್ತದೆ ಮಗನಿಗೆ, "ದೀಪ ಹಚ್ಚು," ಎಂದಳು.

ಹೊರಗೆ ಕಣ್ಣು ಕುಕ್ಕುವ ಬಿಸಿಲು. ಅವನು ಈ ಸಲ ಎಣ್ಣೆಯ ಮಾತೆತ್ತಲಿಲ್ಲ. ಎದ್ದು ಗೂಡಿನಿಂದ ಚಿಮಣಿ ತಂದು, ಗೀರಿದ ಕಡ್ಡಿಗೆ ಕೈ ಅಡ್ಡ ಹಿಡಿದು ಹಚ್ಚಿ, ನನ್ನ ಮತ್ತು ತಾಯಿಯ ನಡುವೆ ಇಟ್ಟ. ಆಮೇಲೆ ಹೋಗಿ ನನ್ನ ಹಿಂದೆ, ಬಾಗಿಲ ಬಳಿ ಕೂತ. ಬೀಸಣಿಗೆ ಈಗ ನನ್ನ ಕೈಗೆ ಬಂತು.

ನಾನು ಶುರು ಮಾಡಿದೆ. ಪೋರ ಆ ಮುದುಕಿಯನ್ನು ನೋಡಿದ. "ಹೂಂ," ಎಂದಳು ಉಪ್ಪಾಯಿ. ನೋಡಿ, ಕತ್ತಿಯನ್ನು ತೊಡೆಯ ಮೇಲಿಟ್ಟು ಅವಳ ಎದುರೇ ಕೂತ. "ಹೂಂ." ಅವನು ಕೊಲ್ಲಲೂ ಇಲ್ಲ, ಬಿಟ್ಟೆನೆಂದು ಹೇಳಲೂ ಇಲ್ಲ. "ಹೂಂ." ಅವನಿಗೆ ಒಂದೇ ಒಂದು ಮಾತು ಬೇಕಿತ್ತು. "ಹೂಂ." ದನಿ ಸಣ್ಣದಾಗುತ್ತಿತ್ತು, ನಾನು ಬಗ್ಗಿ ಕೇಳಬೇಕಾಗಿತ್ತು. ಅವಳ ಬೋಳು ಅಂಗೈಯನ್ನು ಕೈಯಲ್ಲಿ ಹಿಡಿದುಕೊಂಡೆ.

"ಪೋರ ಹೇಳಿದ: ಆ ನಸುಕಿನಲ್ಲಿ ನನ್ನ ಅಪ್ಪನ ದೋಣಿಯಲ್ಲಿ ದೀಪ ಉರೀತಾ ಇತ್ತು."

ಹೂಂ ಬರಲಿಲ್ಲ. ಉಪ್ಪಾಯಿಯ ಕಣ್ಣು ಮುಚ್ಚಿತ್ತು. ಎದೆ ನಿಧಾನ ಏರಿಳಿಯುತ್ತಿತ್ತು. ನಿದ್ದೆಯೋ, ಕಾಯುತ್ತಿದ್ದಳೋ, ನನಗೆ ಇವತ್ತಿಗೂ ಗೊತ್ತಿಲ್ಲ. ಹೂಂ ಇಲ್ಲದೆ ನಾನೂ ಮುಂದೆ ದಾಟುವಂತಿರಲಿಲ್ಲ. ಚಿಮಣಿಯ ಬತ್ತಿ ಚಟಪಟ ಎಂದಿತು. ಹೊರಗೆ ಬಯಲಲ್ಲಿ ಯಾರೋ ಕಾಗೆ ಓಡಿಸುತ್ತಿದ್ದರು.

"ಹೂಂ."

ನನ್ನ ಬೆನ್ನ ಹಿಂದಿನಿಂದ ಬಂತು. ಒಡೆದ ಗಂಡು ದನಿ.

ನಾನು ತಿರುಗಿ ನೋಡಲಿಲ್ಲ. ಅವಳ ಅಂಗೈಯನ್ನು ಹಿಡಿದುಕೊಂಡೇ ಕತೆ ಮುಂದುವರಿಸಿದೆ.